ಮೂಗಿನ ಮೇಲೆ ಕೂರುವ ಕೈಗೆಲಸ

ಸೀರೆ, ಅಂಗಿ, ಚಪ್ಪಲಿ ದಿನಕ್ಕೊಂದು ಬದಲಾಗಬಹುದು. ಕನ್ನಡಕ ಹಾಗಲ್ಲ. ಬೆಳಿಗ್ಗೆ ಮೂಗಿಗೇರಿದ್ದು ರಾತ್ರಿ ದೀಪ ಆರಿಸುವವರೆಗೂ ಇಳಿಯುವುದಿಲ್ಲ. ಒಂದೇ ಜೊತೆ ವರ್ಷಗಟ್ಟಲೆ ನಮ್ಮ ಮುಖದ ಭಾಗವಾಗಿ ಉಳಿದುಬಿಡುತ್ತದೆ. ಎರಡು ದುಂಡು, ನಡುವೆ ಒಂದು ಕಮಾನು, ಎರಡು ಕಡ್ಡಿ ಎಳೆದರೆ ಸಾಕು, ಮುಖ ಬಿಡಿಸದಿದ್ದರೂ ಗಾಂಧೀಜಿ ಎಂದು ಮಕ್ಕಳು ಗುರುತಿಸುತ್ತಾರೆ. 2014ರಲ್ಲಿ ಶುರುವಾದ ಸ್ವಚ್ಛ ಭಾರತ ಅಭಿಯಾನದ ಲಾಂಛನ ಇದೇ ನಂಬಿಕೆಯ ಮೇಲೆ ನಿಂತಿದೆ. ಅಂಬೇಡ್ಕರ್ ಅವರದೂ ದುಂಡು ಕನ್ನಡಕವೇ. ಆದರೆ ಗಾಂಧೀಜಿಯವರದು ತೆಳ್ಳನೆಯ ಲೋಹದ ತಂತಿ, ಅಂಬೇಡ್ಕರ್ ಅವರದು ದಪ್ಪ ಅಂಚಿನದು. ಒಬ್ಬರದನ್ನು ಇನ್ನೊಬ್ಬರ ಮುಖದ ಮೇಲೆ ಊಹಿಸಿಕೊಳ್ಳಲು ಆಗುವುದಿಲ್ಲ.

ಆಕಾರವೊಂದೇ ಒಬ್ಬರ ತನ್ನತನವನ್ನು ತೋರುವುದಿಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಅಂಚಿನ ದಪ್ಪ, ವಸ್ತುವಿನ ಹೊಳಪು, ಮೂಗಿನ ಮೇಲೆ ಕೂರುವ ಎತ್ತರ, ಕಡ್ಡಿ ಕಿವಿಯ ಹಿಂದೆ ಬಾಗುವ ಬಗೆ, ಇವೆಲ್ಲ ಸೇರಿ ಒಂದು ಫ್ರೇಮು ಒಬ್ಬರದಾಗುತ್ತದೆ. ಕೈಕಸುಬಿನವರು ಮಾಡಿದ ಫ್ರೇಮಿನ ಹೆಚ್ಚುಗಾರಿಕೆ ಇರುವುದೂ ಇಲ್ಲೇ. ಅದನ್ನು ಆರಿಸಬೇಕೆಂದರೆ ಅದು ಹೇಗೆ ಹುಟ್ಟುತ್ತದೆ ಎಂದು ಮೊದಲು ತಿಳಿದಿರಬೇಕು.

ಕಡ್ಡಿಗಳಿಲ್ಲದ ಕಾಲ

ಕನ್ನಡಕ ಹುಟ್ಟಿದ್ದು 13ನೇ ಶತಮಾನದ ಕೊನೆಯ ಭಾಗದಲ್ಲಿ, ಇಟಲಿಯಲ್ಲಿ. 1306ರಲ್ಲಿ ಫ್ಲಾರೆನ್ಸಿನಲ್ಲಿ ಪ್ರವಚನ ಮಾಡಿದ ಪಾದ್ರಿ ಜೊರ್ದಾನೊ ದ ಪೀಸಾ, ಈ ಕಲೆ ಬಂದು ಇನ್ನೂ ಇಪ್ಪತ್ತು ವರ್ಷ ತುಂಬಿಲ್ಲ ಎಂದು ಹೇಳಿದ್ದ. ಕನ್ನಡಕ ತೊಟ್ಟ ಮನುಷ್ಯನ ಅತಿ ಹಳೆಯ ಚಿತ್ರ ಟ್ರೆವೀಸೊ ಪಟ್ಟಣದ ಮಠವೊಂದರ ಗೋಡೆಯ ಮೇಲಿದೆ. 1352ರಲ್ಲಿ ತೊಮಾಸೊ ದ ಮೊದೆನಾ ಬರೆದದ್ದು. ಅದರಲ್ಲಿ ಕಡ್ಡಿಗಳಿಲ್ಲ. ಎರಡು ಗಾಜಿನ ಬಳೆಗಳನ್ನು ಒಂದು ರಿವೆಟ್ಟಿನಿಂದ ಸೇರಿಸಿ ಮೂಗಿಗೆ ಸಿಕ್ಕಿಸಿದ್ದಾರೆ.

ನಮ್ಮ ನೆಲದ ಕೊಂಡಿಯೂ ಹಳೆಯದು. ವಿಜಯನಗರದ ವ್ಯಾಸರಾಯರ ಚರಿತ್ರೆಯಾದ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿ ಅವರು ಕಣ್ಣಿಗೆ ಗಾಜಿನ ಸಾಧನವಿಟ್ಟು ಓದುತ್ತಿದ್ದ ಉಲ್ಲೇಖವನ್ನು ಪುಣೆಯ ಸಂಶೋಧಕ ಪಿ. ಕೆ. ಗೋಡೆ ಗುರುತಿಸಿದರು. ಕಾಲ ಸುಮಾರು 1520. ಗೋವೆಯಲ್ಲಿ ಪೋರ್ಚುಗೀಸರು ನೆಲೆಯೂರಿ ಆಗ ಹತ್ತು ವರ್ಷವಾಗಿತ್ತು. ಅವರ ಮೂಲಕವೇ ಅದು ಬಂದಿರಬೇಕು. ಕಿವಿಯ ಕಡೆಗೆ ಚಾಚುವ ಗಟ್ಟಿ ಕಡ್ಡಿಗಳು ಮಾತ್ರ ಇನ್ನೂ ಇನ್ನೂರು ವರ್ಷ ತಡ. ಅವನ್ನು 1730ರ ಆಸುಪಾಸಿನಲ್ಲಿ ಲಂಡನ್ನಿನ ಎಡ್ವರ್ಡ್ ಸ್ಕಾರ್ಲೆಟ್ ಮಾರುತ್ತಿದ್ದ.

ಸಬಾಯೆ: ಹಿಮದೂರಿನ ಕಸುಬು

ಕೈಕಸುಬಿನ ಫ್ರೇಮು ಎಂದ ಕೂಡಲೇ ಇಂದು ಮೊದಲು ಕೇಳಿಬರುವ ಹೆಸರು ಜಪಾನಿನ ಸಬಾಯೆ. ಫುಕುಯಿ ಪ್ರಾಂತ್ಯದ ಈ ಚಿಕ್ಕ ಪಟ್ಟಣ ಮತ್ತು ಸುತ್ತಲಿನ ಊರುಗಳಲ್ಲಿ, ಜಪಾನಿನಲ್ಲಿ ತಯಾರಾಗುವ ಫ್ರೇಮುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಹುಟ್ಟುತ್ತವೆ.

ಕಾರಣ ಹಿಮ. ಜಪಾನ್ ಸಮುದ್ರದ ಕಡೆಯ ಈ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ಗದ್ದೆಗಳು ಹಿಮದಡಿ ಹೂತುಹೋಗುತ್ತವೆ, ಒಕ್ಕಲು ಮನೆಗಳಿಗೆ ತಿಂಗಳುಗಟ್ಟಲೆ ದುಡಿಮೆ ಇರುವುದಿಲ್ಲ. ಶೋನೋ ಎಂಬ ಹಳ್ಳಿಯ ಮಸುನಾಗಾ ಗೊಝಯೆಮೊನ್ ಇದಕ್ಕೊಂದು ದಾರಿ ಹುಡುಕುತ್ತಿದ್ದ. ಶಾಲೆ ಹೆಚ್ಚುತ್ತಿದ್ದ, ಪತ್ರಿಕೆ ಓದುವವರು ಹೆಚ್ಚುತ್ತಿದ್ದ ಕಾಲ ಅದು. ಓದು ಹೆಚ್ಚಿದರೆ ಕನ್ನಡಕದ ಬೇಡಿಕೆಯೂ ಹೆಚ್ಚುತ್ತದೆ ಎಂಬ ಲೆಕ್ಕ ಸರಿಯಾಗಿಯೇ ಇತ್ತು. 1905ರಲ್ಲಿ ಅವನು ತಮ್ಮನ ಜೊತೆಗೂಡಿ ಒಸಾಕಾದಿಂದ ನುರಿತ ಕೆಲಸಗಾರರನ್ನು ಕರೆಸಿ ಊರ ಹುಡುಗರಿಗೆ ಕಲಿಸಿದ. ಕಲಿತವರನ್ನು ‘ಚೋಬಾ’ ಎಂಬ ಗುಂಪುಗಳಾಗಿ ಮಾಡಿದರು. ಒಬ್ಬ ಗುರು, ಅವನ ಕೈಕೆಳಗೆ ಕೆಲವರು ಶಿಷ್ಯರು, ಗುಂಪು ಗುಂಪಿನ ನಡುವೆ ಪೈಪೋಟಿ. ಪಳಗಿದವರು ತಮ್ಮದೇ ಚೋಬಾ ಕಟ್ಟಿದರು, ಕಸುಬು ಸಬಾಯೆಗೆ ಹಬ್ಬಿತು. ಬೇರೆ ಕಡೆಯ ಚರಿತ್ರೆಯಲ್ಲೂ ಇದೇ ಚಳಿಯ ಕೈವಾಡವಿದೆ. ಫ್ರಾನ್ಸಿನ ಜೂರಾ ಬೆಟ್ಟಗಳ ಮೊರೆ ಎಂಬಲ್ಲಿ 1796ರಲ್ಲಿ ಮೊಳೆ ಮಾಡುವವನೊಬ್ಬ ತಂತಿ ಬಾಗಿಸಿ ಫ್ರೇಮು ಮಾಡಿದ. ಇಟಲಿಯ ಆಲ್ಪ್ಸ್ ಬೆಟ್ಟಗಳ ಕದೋರೆಯಲ್ಲಿ 1878ರಲ್ಲಿ ಆಂಜೆಲೊ ಫ್ರೆಸ್ಕುರಾ ಮೊದಲ ಕಾರ್ಖಾನೆ ತೆರೆದ. ಎರಡೂ ಬೇಸಾಯ ಬಡವಾದ, ಚಳಿಗಾಲ ಉದ್ದವಾದ ಜಾಗಗಳು.

ಸಬಾಯೆಯಲ್ಲಿ ಇಂದಿಗೂ ಒಂದು ಫ್ರೇಮು ಒಂದೇ ಸೂರಿನಡಿ ಮುಗಿಯುವುದು ಅಪರೂಪ. ಒಂದು ಮನೆಯಲ್ಲಿ ಕೀಲು ಮಾತ್ರ ಮಾಡುತ್ತಾರೆ, ಇನ್ನೊಂದರಲ್ಲಿ ಬೆಸುಗೆ ಮಾತ್ರ, ಮತ್ತೊಂದರಲ್ಲಿ ಹೊಳಪು ಕೊಡುವುದು ಮಾತ್ರ. ಒಂದು ಫ್ರೇಮಿಗೆ 200ಕ್ಕೂ ಹೆಚ್ಚು ಹಂತಗಳೆಂದು ಅಲ್ಲಿಯವರು ಎಣಿಸುತ್ತಾರೆ. ಮುಂಭಾಗವನ್ನು ಕತ್ತರಿಸುವುದು ಇಂದು ಗಣಕಯಂತ್ರ ನಡೆಸುವ ಕಟರ್. ಅದನ್ನು ಮುಚ್ಚಿಡಬೇಕಾದ್ದೇನೂ ಇಲ್ಲ. ಕತ್ತರಿಸಿದ ತುಂಡುಗಳನ್ನು ಬಿದಿರು ಮತ್ತು ಮರದ ಚೂರುಗಳಿರುವ ಪೀಪಾಯಿಗೆ ಹಾಕಿ ದಿನಗಟ್ಟಲೆ ತಿರುಗಿಸುತ್ತಾರೆ. ಚೂಪು ಅಂಚುಗಳು ಮೆಲ್ಲಗೆ ಸವೆಯುತ್ತವೆ. ಆಮೇಲೆ ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿಯುವ ಕೆಲಸ ಕೈಯದು. ಒತ್ತಡ ಸ್ವಲ್ಪ ಹೆಚ್ಚಾದರೆ ವಿನ್ಯಾಸಗಾರ ಬಿಟ್ಟ ಗೆರೆ ಕರಗಿಹೋಗುತ್ತದೆ, ಕಡಿಮೆಯಾದರೆ ಮಂಕು ಉಳಿಯುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಹೇಳುವುದು ಬೆರಳ ತುದಿ. ಕೈಗೆಲಸ ಎಂಬ ಮಾತಿಗೆ ನಾನು ಕೊಡುವ ಅರ್ಥವೂ ಇಷ್ಟೇ: ಕೊನೆಯ ತೀರ್ಮಾನ ಮನುಷ್ಯನ ಕೈಯಲ್ಲಿರುವ ಕೆಲಸ.

ಯಾವುದರಿಂದ ಮಾಡಿದ್ದು

ಅಂಗಡಿಯಲ್ಲಿ ‘ಶೆಲ್ ಫ್ರೇಮು’ ಎಂದು ಕರೆಯುವ ಬಣ್ಣ ಬಣ್ಣದ ಒಳ್ಳೆಯ ಫ್ರೇಮುಗಳಲ್ಲಿ ಬಹುಪಾಲು ಸೆಲ್ಯುಲೋಸ್ ಅಸಿಟೇಟಿನವು. ಹತ್ತಿಯ ನಾರು ಅಥವಾ ಮರದ ತಿರುಳು ಇದರ ಮೂಲ. ಇಟಲಿಯ ಮತ್ಸುಕೆಲ್ಲಿ ಸಂಸ್ಥೆ ಇದಕ್ಕೆ ಹೆಸರುವಾಸಿ. 1849ರಲ್ಲಿ ಬಾಚಣಿಗೆ, ಗುಂಡಿ ಮಾಡುವ ಮನೆಯಾಗಿ ಶುರುವಾದದ್ದು ಅದು. ಉತ್ತಮ ಅಸಿಟೇಟಿನಲ್ಲಿ ಬೇರೆ ಬೇರೆ ಬಣ್ಣದ ತುಂಡುಗಳನ್ನು ಜೋಡಿಸಿ, ಒತ್ತಿ ಒಂದೇ ಗಟ್ಟಿ ಮಾಡಿ, ಅದನ್ನು ಹಾಳೆಗಳಾಗಿ ಸೀಳಿ ಒಣಗಿಸುತ್ತಾರೆ. ಹೀಗಾಗಿ ಬಣ್ಣ ಒಳಗಿನವರೆಗೂ ಇರುತ್ತದೆ, ಒಂದು ಫ್ರೇಮಿನ ಚಿತ್ತಾರ ಇನ್ನೊಂದರಲ್ಲಿ ಹಾಗೆಯೇ ಮರುಕಳಿಸುವುದಿಲ್ಲ. ಅಚ್ಚಿಗೆ ಸುರಿದು ಮಾಡಿದ ಅಗ್ಗದ ಪ್ಲಾಸ್ಟಿಕ್ಕಿನಲ್ಲಿ ಚಿತ್ತಾರವನ್ನು ಮೇಲೆ ಬಳಿದಿರುತ್ತಾರೆ. ಫ್ರೇಮಿನ ಅಂಚನ್ನು ಅಡ್ಡಲಾಗಿ ನೋಡಿ. ಮುಂಭಾಗದ ಕಂದು ಮಚ್ಚೆ ಅಂಚನ್ನು ದಾಟಿ ಒಳಕ್ಕೂ ಹರಿದಿದ್ದರೆ ಅದು ಹಾಳೆಯಿಂದ ಕತ್ತರಿಸಿದ್ದು.

ಸೆಲ್ಯುಲಾಯ್ಡ್ ಅಸಿಟೇಟಿಗಿಂತ ಹಳೆಯದು. ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಬೆರೆಸಿ ಮಾಡುತ್ತಾರೆ. ಬೆಂಕಿಗೆ ಬೇಗ ಹತ್ತಿಕೊಳ್ಳುವುದರಿಂದ ಹೆಚ್ಚಿನ ತಯಾರಕರು ಅದನ್ನು ಎಂದೋ ಕೈಬಿಟ್ಟರು. ಸಬಾಯೆಯ ಕೆಲವರು ಮಾತ್ರ ಬಿಟ್ಟಿಲ್ಲ. ಹಾಳೆಯನ್ನು ಬಹಳ ಕಾಲ ಒಣಗಲು ಬಿಟ್ಟು ಆಮೇಲೆ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಅದು ಎಷ್ಟು ಗಟ್ಟಿಯೆಂದರೆ ಕಡ್ಡಿಯೊಳಗೆ ಲೋಹದ ತಂತಿ ಬೇಡ. ಅಸಿಟೇಟಿನ ಕಡ್ಡಿಗೆ ಸಾಮಾನ್ಯವಾಗಿ ಅದು ಬೇಕು. ತಂತಿಯಿಲ್ಲದ ಜೇನುಬಣ್ಣದ ಸೆಲ್ಯುಲಾಯ್ಡ್ ಕಡ್ಡಿಯನ್ನು ಬೆಳಕಿಗೆ ಹಿಡಿದರೆ ಕಾಣುವ ಆಳವನ್ನು ಬೇರೆ ಯಾವ ಪ್ಲಾಸ್ಟಿಕ್ಕೂ ಕೊಡುವುದಿಲ್ಲ ಎನ್ನುವುದು ನನ್ನ ಅನಿಸಿಕೆ. 1920ರ ದಶಕದಲ್ಲಿ ಹಾಸ್ಯನಟ ಹೆರಾಲ್ಡ್ ಲಾಯ್ಡ್‌ನ ಸಿನಿಮಾಗಳಿಂದ ಜನಪ್ರಿಯವಾದ ದಪ್ಪ ದುಂಡು ಸೆಲ್ಯುಲಾಯ್ಡ್ ಕನ್ನಡಕವನ್ನು ಜಪಾನಿನಲ್ಲಿ ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ.

ಲೋಹದಲ್ಲಿ ಟೈಟೇನಿಯಂ ಬೇರೆಯದೇ ಲೋಕ. ಒಂದು ಘನ ಸೆಂಟಿಮೀಟರಿಗೆ 4.5 ಗ್ರಾಂ ತೂಗುತ್ತದೆ. ಉಕ್ಕು ಸುಮಾರು 7.9. ಬೆವರಿಗೆ ಕಿಲುಬು ಹಿಡಿಯುವುದಿಲ್ಲ. ನಿಕ್ಕಲ್ ಬೆರೆತ ಅಗ್ಗದ ಲೋಹದಿಂದ ಮೂಗಿನ ಪಕ್ಕ ಕೆಂಪಗಾಗಿ ತುರಿಸುವವರಿಗೆ, ಕರಾವಳಿಯ ಸೆಕೆಯಲ್ಲಿ ದಿನವಿಡೀ ಬೆವರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ತೊಡಕಿರುವುದು ಬೆಸುಗೆಯಲ್ಲಿ. ಕಾದ ಟೈಟೇನಿಯಂ ಗಾಳಿಯ ಆಮ್ಲಜನಕದೊಂದಿಗೆ ತಕ್ಷಣ ಸೇರಿಕೊಂಡು ಪೆಡಸಾಗುತ್ತದೆ. ಆರ್ಗಾನ್‌ನಂಥ ಜಡ ಅನಿಲದ ಮರೆಯಲ್ಲೇ ಬೆಸೆಯಬೇಕು. 1980ರ ದಶಕದ ಆರಂಭದಲ್ಲಿ ಈ ವಿದ್ಯೆಯನ್ನು ಕೈವಶ ಮಾಡಿಕೊಂಡು ಟೈಟೇನಿಯಂ ಫ್ರೇಮನ್ನು ಮಾರುಕಟ್ಟೆಗೆ ತಂದವರು ಸಬಾಯೆಯವರೇ.

ಇನ್ನು ಎಮ್ಮೆಯ ಕೊಂಬು. ನಮ್ಮ ಉಗುರಿನಂತೆ ಅದೂ ಕೆರಟಿನ್. ತೆಳು ಪದರಗಳನ್ನು ಒಂದರ ಮೇಲೊಂದು ಅಂಟಿಸಿ, ಅರದಿಂದ ಉಜ್ಜಿ ಆಕಾರ ಕೊಡುತ್ತಾರೆ. ಕಪ್ಪಿನಿಂದ ಕೆನೆಬಣ್ಣದವರೆಗೆ ಪ್ರತಿ ಕೊಂಬಿನ ಗೆರೆಯೂ ಬೇರೆ, ಆದ್ದರಿಂದ ಒಂದೇ ಬಗೆಯ ಎರಡು ಫ್ರೇಮು ಸಿಗುವುದಿಲ್ಲ. ಹಗುರ, ಮೈಗೆ ಬೆಚ್ಚಗೆ ತಾಗುತ್ತದೆ, ಆದರೆ ಒಣ ಹವೆಯಲ್ಲಿ ಎಣ್ಣೆ ಕಾಣಿಸದಿದ್ದರೆ ಪದರ ಬಿಡುತ್ತದೆ. ಕಡಲಾಮೆಯ ಚಿಪ್ಪಿನ ಫ್ರೇಮುಗಳಿಗೆ ಹಿಂದೆ ಎಲ್ಲಕ್ಕಿಂತ ಹೆಚ್ಚು ಬೆಲೆಯಿತ್ತು. ಆ ಆಮೆ ಅಳಿವಿನ ಅಂಚಿಗೆ ಬಂದು, ಅದರ ಅಂತರರಾಷ್ಟ್ರೀಯ ವ್ಯಾಪಾರ ನಿಷಿದ್ಧವಾಗಿದೆ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಅದಕ್ಕಿದೆ. ಹಳೆಯದು, ಅಜ್ಜನ ಕಾಲದ್ದು ಎಂದು ಯಾರಾದರೂ ತೋರಿಸಿದರೂ ಕೊಳ್ಳಬೇಡಿ. ಅದೇ ಹಳದಿ-ಕಂದು ಚಿತ್ತಾರ ಅಸಿಟೇಟಿನಲ್ಲಿ ಚೆನ್ನಾಗಿ ಬರುತ್ತದೆ.

ಕೀಲು ನೋಡಿ, ಕೂಡು ನೋಡಿ

ಫ್ರೇಮನ್ನು ಕೈಗೆತ್ತಿಕೊಂಡಾಗ ಹೆಚ್ಚಿನವರು ಮೊದಲು ನೋಡುವುದು ಒಳಗಿನ ಹೆಸರನ್ನು. ನೋಡಬೇಕಾದ್ದು ಕೀಲನ್ನು. ಎರಡೂ ಕಡ್ಡಿಗಳನ್ನು ಅರ್ಧಕ್ಕೆ ತೆರೆದು ಬಿಡಿ. ಒಳ್ಳೆಯ ಕೀಲು ಅಲ್ಲೇ ನಿಲ್ಲುತ್ತದೆ, ಜೋತುಬೀಳುವುದಿಲ್ಲ. ಕೀಲಿನ ಹಲ್ಲುಗಳು ಒಂದಕ್ಕೊಂದು ಹೆಣೆದುಕೊಂಡು ಮೂರು, ಐದು, ಏಳು ಹೀಗೆ ಇರುತ್ತವೆ. ದಪ್ಪ ಅಸಿಟೇಟ್ ಫ್ರೇಮಿಗೆ ಐದು ಅಥವಾ ಏಳು ಹಲ್ಲಿನ ಕೀಲು ಹೆಚ್ಚು ಬಾಳಿಕೆ ಬರುತ್ತದೆ. ಮುಂಭಾಗದ ಮೂಲೆಯಲ್ಲಿ ಚುಕ್ಕಿಯಂತೆ ಹೊಳೆಯುವ ರಿವೆಟ್ಟು ಹಿಂದಿನ ಕೀಲಿನ ತಗಡನ್ನು ನಿಜಕ್ಕೂ ಹಿಡಿದಿದೆಯೋ, ಅಲಂಕಾರಕ್ಕೆ ಅಂಟಿಸಿದ್ದೋ ಎಂದು ತಿರುಗಿಸಿ ನೋಡಿದರೆ ತಿಳಿಯುತ್ತದೆ. ರಿವೆಟ್ಟಿಲ್ಲದೆ, ಬಿಸಿಮಾಡಿ ಕೀಲನ್ನು ಒಳಗೆ ಹುದುಗಿಸುವ ಪದ್ಧತಿಯೂ ಇದೆ. ಅದು ಕಳಪೆಯಲ್ಲ. ಆದರೆ ಕಿತ್ತುಬಂದರೆ ರಿಪೇರಿ ಕಷ್ಟ.

ಆಮೇಲೆ ಕಡ್ಡಿಗಳನ್ನು ಪೂರ್ತಿ ತೆರೆದು, ಮುಂಭಾಗಕ್ಕೆ ಅವು ಸೇರುವ ಕೂಡಿನತ್ತ ಕಣ್ಣಿಡಿ. ಓರೆಯಾಗಿ ಕತ್ತರಿಸಿ, ಜೋಡಿಸಿದ ಮೇಲೆ ಎರಡನ್ನೂ ಒಟ್ಟಿಗೆ ಉಜ್ಜಿದ್ದರೆ ಅಲ್ಲಿ ಬೆಳಕು ನುಸುಳುವುದಿಲ್ಲ, ಉಗುರು ಓಡಿಸಿದರೆ ಎಡವುವುದಿಲ್ಲ. ಕೆಲಸಗಾರ ಎಷ್ಟು ಹೊತ್ತು ಕೊಟ್ಟಿದ್ದಾನೆ ಎಂಬುದನ್ನು ಇಡೀ ಫ್ರೇಮಿನಲ್ಲಿ ಈ ಒಂದು ಕೂಡಿನಷ್ಟು ಸ್ಪಷ್ಟವಾಗಿ ಬೇರೇನೂ ಹೇಳುವುದಿಲ್ಲ. ದೇಶದ ಹೆಸರಿನ ಮುದ್ರೆಯನ್ನು ಮಾತ್ರ ನಂಬಿ ಕೂರಬೇಡಿ. ಮಹತ್ವದ ಕೊನೆಯ ಕೆಲಸ ನಡೆದ ದೇಶದ ಹೆಸರನ್ನು ಹಾಕುವ ರೂಢಿ ಹಲವೆಡೆ ಇರುವುದರಿಂದ, ಬಿಡಿಭಾಗಗಳು ಬೇರೆಲ್ಲೋ ಹುಟ್ಟಿರಬಹುದು.

ಮೂಗು, ಕಿವಿ, ಪವರ್

ಕಡ್ಡಿಯ ಒಳಬದಿಯಲ್ಲಿ 46, 22, 145 ಎಂಬಂಥ ಮೂರು ಅಂಕಿಗಳಿರುತ್ತವೆ. ಎಲ್ಲವೂ ಮಿಲಿಮೀಟರ್. ಮೊದಲನೆಯದು ಒಂದು ಗಾಜಿನ ಅಗಲ, ಎರಡನೆಯದು ಗಾಜುಗಳ ನಡುವಿನ ಅಂತರ, ಮೂರನೆಯದು ಕಡ್ಡಿಯ ಉದ್ದ. ಮೊದಲ ಎರಡನ್ನು ಕೂಡಿಸಿ, ನಿಮ್ಮ ಎರಡು ಕಣ್ಣಾಲಿಗಳ ನಡುವಿನ ಅಂತರದೊಂದಿಗೆ ಹೋಲಿಸಿ. ದೊಡ್ಡವರಲ್ಲಿ ಈ ಅಂತರ ಸಾಮಾನ್ಯವಾಗಿ 54ರಿಂದ 74 ಮಿಲಿಮೀಟರಿನೊಳಗೆ. ಅಳೆದುಕೊಡುವಂತೆ ಅಂಗಡಿಯವರನ್ನು ಕೇಳಿ.

ಮೈನಸ್ ಪವರ್ ಹೆಚ್ಚಿರುವವರಿಗೆ ಈ ಲೆಕ್ಕ ತುಂಬ ಮುಖ್ಯ. ಕಣ್ಣಾಲಿಗಳ ಅಂತರ 62 ಇದ್ದವರು 46-24ರ ಫ್ರೇಮು ಕೊಂಡರೆ ಮೊತ್ತ 70. ಪ್ರತಿ ಗಾಜಿನ ಕೇಂದ್ರವನ್ನು 4 ಮಿಲಿಮೀಟರ್ ಮೂಗಿನ ಕಡೆಗೆ ಸರಿಸಬೇಕಾಗುತ್ತದೆ. ಮೈನಸ್ ಗಾಜು ನಡುವೆ ತೆಳು, ಅಂಚಿಗೆ ಹೋದಂತೆ ದಪ್ಪ. ಸರಿಸಿದಷ್ಟೂ ಹೊರಗಿನ ಅಂಚು ದಪ್ಪವಾಗಿ ಫ್ರೇಮಿನಿಂದ ಆಚೆ ಇಣುಕುತ್ತದೆ. ಅದೇ ಮನುಷ್ಯ 44-20 ಆರಿಸಿದರೆ ಸರಿಸಬೇಕಾದ್ದು 1 ಮಿಲಿಮೀಟರ್. ಚಿಕ್ಕದಾದ, ದುಂಡಗಿನ, ಅಸಿಟೇಟಿನ ದಪ್ಪ ಅಂಚಿನ ಫ್ರೇಮಿನಲ್ಲಿ ಮೈನಸ್ ಆರರ ಗಾಜೂ ಮರೆಯಾಗಿ ಕೂರುತ್ತದೆ. 1.67 ಅಥವಾ 1.74 ವಕ್ರೀಭವನಾಂಕದ (ಇಂಡೆಕ್ಸ್) ದುಬಾರಿ ತೆಳು ಗಾಜಿಗೆ ಹಣ ಸುರಿಯುವ ಮೊದಲು ಫ್ರೇಮಿನ ಅಳತೆಯನ್ನು ಸರಿಮಾಡಿಕೊಳ್ಳುವುದು ಜಾಣತನ. ಚಾಳೀಸು ಬಂದ ಮೇಲೆ ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು ಬೇಕೆನ್ನುವವರಿಗೆ ಎತ್ತರವೂ ಬೇಕು. ತೀರ ಕಿರಿದಾದ ಗಾಜಿನಲ್ಲಿ ಓದುವ ಭಾಗಕ್ಕೆ ಜಾಗವೇ ಉಳಿಯುವುದಿಲ್ಲ.

ಮೂಗಿನ ಬುಡ ಕಣ್ಣಿನ ಮಟ್ಟಕ್ಕಿಂತ ತಗ್ಗಾಗಿರುವವರಿಗೆ ಯುರೋಪಿನ ಅಳತೆಯ ಅಸಿಟೇಟ್ ಫ್ರೇಮು ಜಾರುತ್ತದೆ, ಕೆಳಗಿನ ಅಂಚು ಕೆನ್ನೆಗೆ ತಾಗುತ್ತದೆ. ಜಪಾನಿನ ತಯಾರಕರು ಮೂಗಿನ ಆಸರೆಯನ್ನು ಎತ್ತರಿಸಿ ಕೆತ್ತುತ್ತಾರೆ, ಇಲ್ಲವೇ ಲೋಹದ ತೋಳಿನ ಮೇಲೆ ಪ್ಯಾಡು ಕೂರಿಸುತ್ತಾರೆ. ಹಾಕಿಕೊಂಡು ಜೋರಾಗಿ ನಕ್ಕು ನೋಡಿ. ಕೆನ್ನೆ ಫ್ರೇಮನ್ನು ಎತ್ತಿದರೆ ಅದು ನಿಮ್ಮದಲ್ಲ. ತಲೆ ಬಗ್ಗಿಸಿ ನೋಡಿ. ಸ್ಕೂಟರ್ ಓಡಿಸುವವರು ಹೆಲ್ಮೆಟ್ ಜೊತೆಗೆ ತೆಗೆದುಕೊಂಡು ಹೋಗಬೇಕು. ಅಗಲವಾದ ಕಡ್ಡಿ ಹೆಲ್ಮೆಟ್ಟಿನೊಳಗೆ ನುಗ್ಗುವುದಿಲ್ಲ, ನುಗ್ಗಿದರೂ ಕಪಾಲವನ್ನು ಒತ್ತುತ್ತದೆ. ಓಲೆಗೆ ಮಾಟಿ ಹಾಕಿಕೊಳ್ಳುವ ಹೆಂಗಸರಿಗೆ, ಶ್ರವಣಯಂತ್ರ ಧರಿಸುವವರಿಗೆ ಕಿವಿಯ ಮೇಲೆ ಇರುವ ಜಾಗವೇ ಸ್ವಲ್ಪ. ಅವರಿಗೆ ತೆಳುವಾದ ಟೈಟೇನಿಯಂ ಕಡ್ಡಿ ಎಷ್ಟೋ ಸುಖ.

ಮುಖದ ಆಕಾರದ ಸೂತ್ರ

ದುಂಡು ಮುಖಕ್ಕೆ ಚೌಕ ಫ್ರೇಮು, ಚೌಕ ಮುಖಕ್ಕೆ ದುಂಡು ಫ್ರೇಮು ಎಂಬ ಸೂತ್ರ ಎಲ್ಲ ಅಂಗಡಿಗಳಲ್ಲೂ ಕೇಳಿಬರುತ್ತದೆ. ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಮುಖದ ಎಲ್ಲ ಗೆರೆಗಳನ್ನೂ ಸಮತೋಲಕ್ಕೆ ತರುವುದು ಅದರ ಗುರಿ. ಆದರೆ ನೆನಪಿನಲ್ಲಿ ಉಳಿಯುವ ಮುಖಗಳಲ್ಲಿ ಯಾವುದಾದರೊಂದು ಗೆರೆ ಮುಂದೆ ನಿಂತಿರುತ್ತದೆ. ವಾಸ್ತುಶಿಲ್ಪಿ ಲ ಕಾರ್ಬೂಸಿಯೆಯ ದಪ್ಪ ಕಪ್ಪು ದುಂಡು ಕನ್ನಡಕ, ನೂರೆರಡು ವರ್ಷ ಬಾಳಿದ ನ್ಯೂಯಾರ್ಕಿನ ಐರಿಸ್ ಆಪ್ಫೆಲ್ ಅವರ ತಟ್ಟೆಯಗಲದ ಕನ್ನಡಕ ಯಾವ ಸೂತ್ರಕ್ಕೂ ಸಿಗುವುದಿಲ್ಲ.

ನನಗೆ ಹುಬ್ಬು ಇದಕ್ಕಿಂತ ಒಳ್ಳೆಯ ದಾರಿಗುರುತು. ಫ್ರೇಮಿನ ಮೇಲಂಚು ಹುಬ್ಬಿನ ಓಟವನ್ನು ಹಿಂಬಾಲಿಸಿದರೆ ಭಾವ ಮುಖದಲ್ಲಿ ತಾನಾಗಿ ಓಡಾಡುತ್ತದೆ. ಹುಬ್ಬನ್ನು ಪೂರ್ತಿ ಮುಚ್ಚಿದರೆ ಮುಖ ಮೂಕವಾಗುತ್ತದೆ. ಎರಡನೆಯದು ಬಣ್ಣ. ನಮ್ಮ ಗೋಧಿಬಣ್ಣದಿಂದ ಅಚ್ಚಗಪ್ಪಿನವರೆಗಿನ ಮೈಬಣ್ಣಗಳ ಮೇಲೆ ಜೇನು, ಕಾಫಿಕಂದು, ಕಡುಹಸಿರು, ದ್ರಾಕ್ಷಿಗೆಂಪು ಅಸಿಟೇಟುಗಳು ಬಹಳ ಚೆಂದ ಕಾಣುತ್ತವೆ. ಆದರೂ ಹತ್ತರಲ್ಲಿ ಎಂಟು ಜನ ಕಪ್ಪನ್ನೇ ಎತ್ತಿಕೊಳ್ಳುತ್ತಾರೆ ಅನಿಸುತ್ತದೆ, ಅದು ಎಲ್ಲದಕ್ಕೂ ಹೊಂದುತ್ತದೆಂಬ ಭರವಸೆಯಿಂದ. ಅಂಗಡಿಯ ಬಿಳಿ ದೀಪದ ಕೆಳಗೆ ತೀರ್ಮಾನಿಸಬೇಡಿ. ಬಾಗಿಲ ಬಳಿ ಹಗಲು ಬೆಳಕಿಗೆ ಬಂದು, ಕೈಗನ್ನಡಿಗಿಂತ ಆಳೆತ್ತರದ ಕನ್ನಡಿಯಲ್ಲಿ, ನೀವು ದಿನವೂ ಉಡುವ ಬಟ್ಟೆಯಲ್ಲೇ ನೋಡಿಕೊಳ್ಳಿ.

ಅಳತೆ ಕೊಟ್ಟು ಮಾಡಿಸುವುದು

ದರ್ಜಿಯಂತೆ ಅಳತೆ ತೆಗೆದು ಒಬ್ಬರಿಗಾಗಿಯೇ ಮಾಡಿಕೊಡುವ ಮನೆಗಳೂ ಇವೆ. ಪ್ಯಾರಿಸ್ಸಿನ ಬೊನೆ ಮನೆತನ ಇದರಲ್ಲಿ ಪ್ರಸಿದ್ಧ. ಲ ಕಾರ್ಬೂಸಿಯೆಯ ಕನ್ನಡಕ ಅವರ ಕೈಯದೇ. ಮೂಗಿನ ಎರಡೂ ಪಕ್ಕದ ಇಳಿಜಾರು, ಕಿವಿಗಳ ಎತ್ತರದ ವ್ಯತ್ಯಾಸ, ಕಪಾಲದ ಅಗಲ ಎಲ್ಲವನ್ನೂ ಅಳೆಯುತ್ತಾರೆ. ಎಲ್ಲರ ಮುಖದಲ್ಲೂ ಎಡ-ಬಲ ಸ್ವಲ್ಪವಾದರೂ ಬೇರೆ ಇರುವುದರಿಂದ, ಹೀಗೆ ಮಾಡಿದ ಫ್ರೇಮನ್ನು ಮೇಜಿನ ಮೇಲಿಟ್ಟರೆ ತುಸು ಸೊಟ್ಟಗೆ ಕಾಣಬಹುದು. ಮುಖದ ಮೇಲೆ ನೇರ ಕೂರುತ್ತದೆ. ಸಬಾಯೆಯ ಕನ್ನಡಕ ವಸ್ತುಸಂಗ್ರಹಾಲಯದಲ್ಲಿ ಬಂದವರೇ ಅಸಿಟೇಟ್ ಹಾಳೆ ಆರಿಸಿ, ಗರಗಸ ಹಿಡಿದು ತಮ್ಮ ಫ್ರೇಮು ತಾವೇ ಮಾಡಿಕೊಳ್ಳುವ ಏರ್ಪಾಡಿದೆ. ಜಪಾನಿಗೆ ಹೋಗುವ ಕನ್ನಡಿಗರು ಟೋಕಿಯೊ, ಕ್ಯೋಟೊ ಮುಗಿಸಿ ಹಿಂದಿರುಗುವ ಬದಲು ಇತ್ತ ಒಂದು ದಿನ ಕೊಡಲಿ ಎಂದು ನನ್ನ ಆಸೆ.

ಬಾಳಿಕೆ

ಅಸಿಟೇಟಿಗೆ ಸ್ಪಿರಿಟ್, ಸ್ಯಾನಿಟೈಸರ್, ಉಗುರುಬಣ್ಣ ತೆಗೆಯುವ ದ್ರಾವಣ ಆಗುವುದಿಲ್ಲ. ಹೊಳಪು ಹೋಗಿ ಬಿಳಿಚುತ್ತದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಬೆವರಿನ ಉಪ್ಪು ಕಡ್ಡಿಯ ತುದಿಯಲ್ಲಿ ಕೂರುತ್ತವೆ. ತಣ್ಣೀರು, ಒಂದು ಹನಿ ಸೌಮ್ಯ ಸೋಪು, ಮೆತ್ತನೆಯ ಬಟ್ಟೆ ಸಾಕು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಅಸಿಟೇಟ್ ಸೊಟ್ಟಗಾಗುತ್ತದೆ. ಒಂದೇ ಕೈಯಿಂದ ಎಳೆದು ತೆಗೆಯುವ ಅಭ್ಯಾಸ ಕೀಲನ್ನು ಬೇಗ ಸಡಿಲಿಸುತ್ತದೆ. ಸವೆದ ಅಸಿಟೇಟಿಗೆ ಮತ್ತೆ ಪಾಲಿಶ್ ಹಾಕಿಸಬಹುದು, ಕೊಂಬಿನದಕ್ಕೆ ಆಗಾಗ ಎಣ್ಣೆ ಸವರಬಹುದು. ಪವರ್ ಬದಲಾದಾಗ ಗಾಜನ್ನಷ್ಟೇ ಬದಲಿಸಿ ಫ್ರೇಮನ್ನು ಉಳಿಸಿಕೊಳ್ಳಿ. ಆದರೆ ಫ್ರೇಮು ಸೆಲ್ಯುಲಾಯ್ಡಿನದಾದರೆ ಅದನ್ನು ಅಂಗಡಿಯವರಿಗೆ ಮೊದಲೇ ಹೇಳಿ. ಗಾಜು ಕೂರಿಸಲು ಅಸಿಟೇಟನ್ನು ಕಾಯಿಸುವ ಹಾಗೆ ಅದನ್ನು ಕಾಯಿಸುವಂತಿಲ್ಲ.